ಒಂದು ಮರೀನ್ ಬೆಟಾಲಿಯನ್ನಿನ ಯುದ್ಧಚರಿತ್ರೆಯನ್ನು ಅಧ್ಯಯನ ಮಾಡುವ ಬಗೆ

ಯುದ್ಧಚರಿತ್ರೆಯನ್ನು ಓದಲು ಹೊರಟವರು ಸಾಮಾನ್ಯವಾಗಿ ದೇಶ, ದಂಡನಾಯಕ, ಮಹಾಯುದ್ಧ ಎಂಬ ದೊಡ್ಡ ಅಳತೆಯಿಂದ ಆರಂಭಿಸುತ್ತಾರೆ, ಇಲ್ಲವೇ ಒಬ್ಬ ಯೋಧನ ಸಾಹಸದ ಕಥೆಯನ್ನು ಹಿಡಿಯುತ್ತಾರೆ. ಇವೆರಡರ ನಡುವೆ ಬೆಟಾಲಿಯನ್ ಎಂಬ ಘಟಕವಿದೆ. ಸುಮಾರು ಎಂಟುನೂರರಿಂದ ಸಾವಿರ ಜನರ ಈ ಘಟಕದಲ್ಲಿ ಮುಖ್ಯಸ್ಥನಿಗೆ ತನ್ನ ಕಂಪನಿ ನಾಯಕರ ಸ್ವಭಾವ ತಿಳಿದಿರುತ್ತದೆ. ಅದೇ ವೇಳೆಗೆ ಘಟಕಕ್ಕೆ ತನ್ನದೇ ಆದ ದಾಖಲೆ, ತನ್ನದೇ ಆದ ನಕ್ಷೆ ಮತ್ತು ತನ್ನದೇ ಆದ ಹೆಸರುಪಟ್ಟಿ ಇರುತ್ತವೆ. ಆದ್ದರಿಂದ ಯುದ್ಧವನ್ನು ಮನುಷ್ಯರ ಅಳತೆಯಲ್ಲಿ, ಆದರೂ ದಾಖಲೆಯ ಆಧಾರದಲ್ಲಿ ಅರಿಯಬೇಕೆನ್ನುವವರಿಗೆ ಬೆಟಾಲಿಯನ್ನಿಗಿಂತ ಸೂಕ್ತವಾದ ಘಟಕ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಇಲ್ಲಿ ದೃಷ್ಟಾಂತವಾಗಿ ಅಮೆರಿಕದ ಮರೀನ್ ಕೋರ್‌ನ 5ನೇ ಮರೀನ್ಸ್ ರೆಜಿಮೆಂಟಿನ 1ನೇ ಬೆಟಾಲಿಯನ್ನನ್ನು ತೆಗೆದುಕೊಂಡಿದ್ದೇನೆ. 1918ರ ಫ್ರಾನ್ಸಿನಿಂದ ಈ ಶತಮಾನದ ಅಫ್ಘಾನಿಸ್ತಾನದವರೆಗೆ ಇದು ಕಾದಾಡಿದೆ. ಭಾರತದ ಓದುಗರು ಒಂದು ವಿಷಯವನ್ನು ಮೊದಲೇ ಗಮನಿಸಬೇಕು: ಮರೀನ್ ಎಂದೊಡನೆ ನಮ್ಮ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ನೆನಪಾಗುವುದು ಸಹಜ, ಆದರೆ ಮರೀನ್ ಬೆಟಾಲಿಯನ್ ವಿಶೇಷ ಕಾರ್ಯಾಚರಣೆಯ ಸಣ್ಣ ತಂಡವಲ್ಲ, ಹಡಗಿನಿಂದ ದಡಕ್ಕಿಳಿದು ನೆಲದ ಮೇಲೆ ಹೋರಾಡಲು ತರಬೇತಾದ ಸಾಮಾನ್ಯ ಪದಾತಿ ಪಡೆ. ಅದರ ಚರಿತ್ರೆಯ ಬಹುಭಾಗ ಕಡಲಿನಿಂದ ದೂರದಲ್ಲಿ, ಗೋಧಿಹೊಲ, ಹಿಮಬೆಟ್ಟ, ಭತ್ತದ ಗದ್ದೆ ಮತ್ತು ನಗರದ ಬೀದಿಗಳಲ್ಲಿ ನಡೆದಿರುವುದು ಈ ಕಾರಣದಿಂದಲೇ.

ಮೊದಲು ಘಟಕವನ್ನು ಖಚಿತಪಡಿಸಿಕೊಳ್ಳುವುದು

ಮೊದಲ ಕೆಲಸ ಬೇಸರ ತರಿಸುವಂಥದ್ದು, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಕೆಡುತ್ತದೆ. ಮರೀನ್ ಬರವಣಿಗೆಯಲ್ಲಿ "5ನೇ ಮರೀನ್ಸ್" ಎಂದರೆ ಒಂದು ರೆಜಿಮೆಂಟ್. ಅದರ ಸಂಖ್ಯೆಯನ್ನು ಹೊತ್ತ ಮೂರು ಪದಾತಿ ಬೆಟಾಲಿಯನ್ನುಗಳನ್ನು 1/5, 2/5, 3/5 ಎಂದು ಬರೆಯುತ್ತಾರೆ. ವಿಯೆಟ್ನಾಂ ಯುದ್ಧದ ಹೊತ್ತಿಗೆ ಎ, ಬಿ, ಸಿ, ಡಿ ಅಕ್ಷರದ ರೈಫಲ್ ಕಂಪನಿಗಳು 1ನೇ ಬೆಟಾಲಿಯನ್ನಿಗೂ, ಇ ಯಿಂದ ಎಚ್ ವರೆಗಿನವು 2ನೆಯದಕ್ಕೂ, ಅದರ ಮುಂದಿನವು 3ನೆಯದಕ್ಕೂ ಸೇರಿದ್ದವು. ಹೀಗಾಗಿ ಪದಕದ ಉಲ್ಲೇಖಪತ್ರದಲ್ಲಿ ಕಂಪನಿಯ ಅಕ್ಷರವೊಂದು ಸಿಕ್ಕರೆ ಬೆಟಾಲಿಯನ್ ಯಾವುದೆಂದು ಊಹಿಸಬಹುದು. ಮೊದಲನೆಯ ಮಹಾಯುದ್ಧದ ಕಾಗದಗಳಲ್ಲಿ ಈ ಸೂತ್ರ ನಡೆಯುವುದಿಲ್ಲ. ಆಗ ಕಂಪನಿಗಳನ್ನು ಸಂಖ್ಯೆಯಿಂದ ಗುರುತಿಸುತ್ತಿದ್ದರು, ಮತ್ತು 1/5ರಲ್ಲಿದ್ದದ್ದು 17, 49, 66 ಹಾಗೂ 67ನೇ ಕಂಪನಿಗಳು. ಈ ನಾಲ್ಕು ಸಂಖ್ಯೆಗಳನ್ನು ತಿಳಿಯದೆ 1918ರ ದಾಖಲೆಗಳಲ್ಲಿ ಈ ಬೆಟಾಲಿಯನ್ನನ್ನು ಹುಡುಕುವವರಿಗೆ ಅದು ಕಣ್ಣೆದುರಿಗೇ ಇದ್ದರೂ ಕಾಣುವುದಿಲ್ಲ.

ಮೇಲಿನ ಕೊಂಡಿಯನ್ನೂ ಗುರುತು ಹಾಕಿಕೊಳ್ಳಬೇಕು. 5ನೇ ಮರೀನ್ಸ್ 1917ರ ಜೂನ್ 8ರಂದು ಫಿಲಡೆಲ್ಫಿಯಾದಲ್ಲಿ ರಚನೆಯಾಯಿತು. ಫ್ರಾನ್ಸಿನಲ್ಲಿ ಅದು 6ನೇ ಮರೀನ್ಸ್ ಜೊತೆ ಸೇರಿ ಒಂದು ಬ್ರಿಗೇಡ್ ಆಗಿ, ಭೂಸೇನೆಯ 2ನೇ ಡಿವಿಷನ್ನಿನ ಅಂಗವಾಗಿ ಹೋರಾಡಿತು. ಆದ್ದರಿಂದ ಆ ಕಾಲದ ದಾಖಲೆಗಳನ್ನು ಮರೀನ್ ಕಡತಗಳಲ್ಲಿ ಮಾತ್ರ ಹುಡುಕಿದರೆ ಸಾಲದು, ಭೂಸೇನೆಯ ಕಡತಗಳನ್ನೂ ನೋಡಬೇಕು. 1ನೇ ಮರೀನ್ ಡಿವಿಷನ್ ರಚನೆಯಾದದ್ದು 1941ರಲ್ಲಿ; ಅಲ್ಲಿಂದ ಮುಂದೆ 5ನೇ ಮರೀನ್ಸ್‌ನ ಚರಿತ್ರೆ ಬಹುತೇಕ ಆ ಡಿವಿಷನ್ನಿನ ಚರಿತ್ರೆಯೊಂದಿಗೆ ಬೆರೆತಿದೆ. ಕಾಗದದ ಮೇಲೆ ಒಂದು ಮರದಂತೆ ಈ ಸಂಬಂಧಗಳನ್ನು ಬರೆದು, ಪ್ರತಿ ಯುದ್ಧಕ್ಕೂ ಬೇರೆ ಹಾಳೆ ಇಟ್ಟುಕೊಳ್ಳುವುದು ಒಳ್ಳೆಯದು.

ದಾಖಲೆಗಳ ಶ್ರೇಣಿ

ಎರಡನೆಯ ಹೆಜ್ಜೆ, ಘಟನೆಗೆ ಅತ್ಯಂತ ಸಮೀಪದ ದಾಖಲೆಯನ್ನು ಮೊದಲು ಓದುವುದು. ಹೆಸರುಪಟ್ಟಿಗಳು ಯಾರು ಯಾವ ದಿನ ಯಾವ ಕಂಪನಿಯಲ್ಲಿದ್ದರು, ಯಾರು ಗಾಯಗೊಂಡು ಆಸ್ಪತ್ರೆಗೆ ಹೋದರು, ಯಾರು ಮಡಿದರು ಎಂಬುದನ್ನು ಯಾವ ಅಲಂಕಾರವೂ ಇಲ್ಲದೆ ಹೇಳುತ್ತವೆ. ಕಾರ್ಯಾಚರಣೆಯ ವರದಿಗಳು ಘಟನೆ ಮುಗಿದ ಮೇಲೆ ಬರೆದವು. ಅವುಗಳಲ್ಲಿ ಸಮಯ ಮತ್ತು ಸ್ಥಳ ನಿಖರವಾಗಿದ್ದರೂ ನಿರ್ಧಾರಗಳಿಗೆ ಆಮೇಲೆ ಹೊಂದಿಸಿದ ಕಾರಣಗಳು ಸೇರಿಕೊಂಡಿರಬಹುದು. ವಿಯೆಟ್ನಾಂ ಕಾಲದಲ್ಲಿ ಪ್ರತಿ ಬೆಟಾಲಿಯನ್ ತಿಂಗಳಿಗೊಮ್ಮೆ ಕಮಾಂಡ್ ಕ್ರೊನಾಲಜಿ ಎಂಬ ಕಾಲಾನುಕ್ರಮ ವರದಿಯನ್ನು ಸಲ್ಲಿಸುತ್ತಿತ್ತು, ಮತ್ತು ಅವುಗಳಲ್ಲಿ ಬಹಳಷ್ಟನ್ನು ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ವಿಯೆಟ್ನಾಂ ಸಂಗ್ರಹದ ಮೂಲಕ ಇಂದು ಮನೆಯಲ್ಲೇ ಕುಳಿತು ಓದಬಹುದು. ಮರೀನ್ ಕೋರ್‌ನ ಇತಿಹಾಸ ವಿಭಾಗ ಕ್ವಾಂಟಿಕೊದಲ್ಲಿದೆ. ಅದು ಪ್ರಕಟಿಸಿರುವ ಅಧಿಕೃತ ಇತಿಹಾಸ ಸಂಪುಟಗಳು ಉಚಿತವಾಗಿ ಸಿಗುತ್ತವೆ.

ವ್ಯಕ್ತಿಗಳ ಸೇವಾ ಕಡತಗಳು ಸೇಂಟ್ ಲೂಯಿಸ್ ನಗರದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿವೆ. 1973ರ ಜುಲೈನಲ್ಲಿ ಅಲ್ಲಿ ಬಿದ್ದ ಬೆಂಕಿಯಲ್ಲಿ ಭೂಸೇನೆ ಮತ್ತು ವಾಯುಸೇನೆಯ ಲಕ್ಷಾಂತರ ಕಡತಗಳು ಸುಟ್ಟುಹೋದವು. ಮರೀನ್ ಕಡತಗಳು ಉಳಿದವು. ಹೀಗಾಗಿ "ಎಲ್ಲ ಸುಟ್ಟುಹೋಗಿದೆ" ಎಂಬ ಮಾತನ್ನು ಕೇಳಿ ಮರೀನ್ ಚರಿತ್ರೆಯ ಹುಡುಕಾಟವನ್ನು ಕೈಬಿಡಬೇಕಾಗಿಲ್ಲ.

ಪದಕಗಳ ಉಲ್ಲೇಖಪತ್ರಗಳನ್ನು ಶ್ರದ್ಧೆಯಿಂದ, ಆದರೆ ಅವುಗಳ ಉದ್ದೇಶವನ್ನು ನೆನಪಿಟ್ಟುಕೊಂಡು ಓದಬೇಕು. ಒಬ್ಬನ ಕೃತ್ಯವನ್ನು ಎತ್ತಿ ಹಿಡಿಯಲೆಂದೇ ಬರೆದ ಆ ಪತ್ರಗಳಲ್ಲಿ ಅವನ ಅಕ್ಕಪಕ್ಕದವರು ಹಿನ್ನೆಲೆಗೆ ಸರಿಯುತ್ತಾರೆ. ಅನುಭವಿಗಳ ಮೌಖಿಕ ಸಂದರ್ಶನಗಳ ವಿಷಯ ಇದಕ್ಕೆ ತದ್ವಿರುದ್ಧ: ದಿನಾಂಕ, ಸಂಖ್ಯೆಗಳಲ್ಲಿ ಅವು ತಪ್ಪಬಹುದು, ವಾಸನೆ, ಹಸಿವು, ಭಯ ಮತ್ತು ಪಕ್ಕದವನ ಮಾತು ಮಾತ್ರ ಅವುಗಳಲ್ಲಲ್ಲದೆ ಬೇರೆಲ್ಲೂ ಉಳಿದಿರುವುದಿಲ್ಲ.

ಒಂದು ದಿನವನ್ನು ಆರಿಸಿಕೊಂಡು ಆಳಕ್ಕಿಳಿಯುವುದು: 1918ರ ಜೂನ್ 6

ನೂರು ವರ್ಷದ ಚರಿತ್ರೆಯನ್ನು ಆರಂಭದಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಓದುವುದಕ್ಕಿಂತ ಕೆಲವೇ ದಿನಗಳನ್ನು ಆರಿಸಿಕೊಂಡು ಅವುಗಳಲ್ಲಿ ಗಂಟೆಗಂಟೆಗೂ ನಿಲ್ಲುವುದು ಹೆಚ್ಚು ಫಲ ಕೊಡುತ್ತದೆ. 1/5ರ ಮಟ್ಟಿಗೆ ಮೊದಲ ದಿನ ತಾನಾಗಿಯೇ ನಿಶ್ಚಿತವಾಗಿದೆ.

ಪ್ಯಾರಿಸ್ ಕಡೆಗೆ ನುಗ್ಗುತ್ತಿದ್ದ ಜರ್ಮನ್ ಸೇನೆಯನ್ನು ತಡೆದ ಬೆಲೋ ವುಡ್ ಕದನದಲ್ಲಿ, ಜೂನ್ 6ರ ನಸುಕಿನ 3 ಗಂಟೆ 45 ನಿಮಿಷಕ್ಕೆ ಮೇಜರ್ ಜೂಲಿಯಸ್ ಟರಿಲ್ ಅವರ ನೇತೃತ್ವದ 1/5, ಕಾಡಿನ ಪಶ್ಚಿಮಕ್ಕಿರುವ 142ನೇ ಗುಡ್ಡದ ಮೇಲೆ ದಾಳಿ ಮಾಡಿತು. ಕಂಪನಿಗಳ ಹೆಸರನ್ನು ಎದುರಿಗಿಟ್ಟುಕೊಂಡು ಓದಿದಾಗಲೇ ಇಲ್ಲಿನ ಮುಖ್ಯ ಸಂಗತಿ ಹೊರಬೀಳುತ್ತದೆ: ಬೆಟಾಲಿಯನ್ನಿನ ನಾಲ್ಕು ಕಂಪನಿಗಳಲ್ಲಿ ಆ ಹೊತ್ತಿಗೆ ಸ್ಥಳದಲ್ಲಿದ್ದದ್ದು 49 ಮತ್ತು 67ನೆಯವು ಮಾತ್ರ. ಉಳಿದ ಎರಡು ತಮ್ಮ ಹಿಂದಿನ ನೆಲೆಯಿಂದ ಇನ್ನೂ ಬಂದು ಸೇರಿರಲಿಲ್ಲ. ಅಂದರೆ "ಒಂದು ಬೆಟಾಲಿಯನ್ ದಾಳಿ ಮಾಡಿತು" ಎಂಬ ವಾಕ್ಯದ ಹಿಂದೆ, ಮೊದಲ ಗಂಟೆಯಲ್ಲಿ, ಅರ್ಧ ಬೆಟಾಲಿಯನ್ ಇತ್ತು. ಗೋಧಿಹೊಲಗಳ ನಡುವೆ ಮೆಷಿನ್‌ಗನ್ ಗುಂಡುಗಳಿಗೆ ಎದೆಯೊಡ್ಡಿ ಸಾಗಿದ 49ನೇ ಕಂಪನಿಯ ಕ್ಯಾಪ್ಟನ್ ಜಾರ್ಜ್ ಹ್ಯಾಮಿಲ್ಟನ್, ಗುಡ್ಡವನ್ನು ದಾಟಿ ಮುಂದೆ ಹೋಗಿಬಿಟ್ಟದ್ದನ್ನು ಅರಿತು ಹಿಂದಿರುಗಿ ಅಲ್ಲಿ ರಕ್ಷಣಾರೇಖೆಯನ್ನು ಕಟ್ಟಿದರು.

ಅದೇ ಕಂಪನಿಯ ಗನ್ನರಿ ಸಾರ್ಜೆಂಟ್ ಅರ್ನೆಸ್ಟ್ ಜ್ಯಾನ್‌ಸನ್, ಪೊದೆಗಳ ನಡುವೆ ಮೆಷಿನ್‌ಗನ್ನುಗಳೊಂದಿಗೆ ತೆವಳಿಕೊಂಡು ಬರುತ್ತಿದ್ದ ಹನ್ನೆರಡು ಜರ್ಮನ್ ಸೈನಿಕರನ್ನು ಎದುರಿಸಿ ಹಿಮ್ಮೆಟ್ಟಿಸಿದ್ದಕ್ಕಾಗಿ ಅಮೆರಿಕದ ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ಪಡೆದರು. ಈ ಹೆಸರನ್ನು ಆ ಕಾಲದ ದಾಖಲೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅವರು ಚಾರ್ಲ್ಸ್ ಹಾಫ್‌ಮನ್ ಎಂಬ ಬೇರೆ ಹೆಸರಿನಲ್ಲಿ ಸೇವೆಯಲ್ಲಿದ್ದರು. ಇಬ್ಬರು ವೀರರೆಂದು ಎಣಿಸಿಬಿಡುವ ಅಪಾಯ ಇಲ್ಲಿದೆ. ಒಂದೇ ಕೃತ್ಯಕ್ಕೆ ಭೂಸೇನೆಯ ಪದಕವನ್ನೂ ನೌಕಾಸೇನೆಯ ಪದಕವನ್ನೂ ಕೊಟ್ಟಿರುವುದು ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಸಂಖ್ಯೆಗಳ ವಿಷಯದಲ್ಲಿ ಈ ದಿನ ಇನ್ನೊಂದು ಪಾಠವನ್ನು ಕೊಡುತ್ತದೆ. ಜೂನ್ 6ರಂದು 1,087 ಮರೀನರು ಸತ್ತರು ಅಥವಾ ಗಾಯಗೊಂಡರು ಎಂಬ ಅಂಕಿಯನ್ನು ಎಲ್ಲೆಡೆ ಕಾಣಬಹುದು. ಅದು ಇಡೀ ಬ್ರಿಗೇಡಿನ ಅಂಕಿ, ಮತ್ತು ಅದರಲ್ಲಿ ಬಹುಪಾಲು ಸಂಭವಿಸಿದ್ದು ಸಂಜೆ ಬೇರೆ ಬೆಟಾಲಿಯನ್ನುಗಳು ಕಾಡಿನ ಮೇಲೆ ಹಾಗೂ ಬೂರೆಶ್ ಗ್ರಾಮದ ಮೇಲೆ ಮಾಡಿದ ದಾಳಿಯಲ್ಲಿ. ಸಾವುನೋವಿನ ಯಾವುದೇ ಅಂಕಿಯನ್ನು ಬರೆದುಕೊಳ್ಳುವಾಗ ಅದರ ಪಕ್ಕದಲ್ಲಿ ಮೂರು ಸಂಗತಿಗಳು ಇರಲೇಬೇಕು: ಯಾವ ಘಟಕದ್ದು, ಎಷ್ಟು ಅವಧಿಯದು, ಸತ್ತವರು ಮಾತ್ರವೋ ಗಾಯಾಳುಗಳೂ ಸೇರಿದ್ದಾರೋ. ಗೌರವಚಿಹ್ನೆಗಳಿಗೂ ಇದೇ ನಿಯಮ. ಎಡಭುಜದ ಮೇಲೆ ಧರಿಸುವ ಫ್ರೆಂಚ್ ಫೂರಾಜೇರ್ ಎಂಬ ಹೆಣೆದ ದಾರ 5 ಮತ್ತು 6ನೇ ಮರೀನ್ಸ್ ರೆಜಿಮೆಂಟುಗಳಿಗೆ ಸಂದ ಗೌರವ. ಅದನ್ನು ಒಂದು ಬೆಟಾಲಿಯನ್ನಿನ ಸ್ವಂತ ಗಳಿಕೆಯೆಂದು ಬರೆಯಬಾರದು.

ಆ ಬೇಸಿಗೆಯ ಇನ್ನೊಂದು ದಿನವನ್ನೂ ಮರೆಯುವಂತಿಲ್ಲ. ಜುಲೈ 18ರಂದು ಸ್ವಾಸೋಂ ಬಳಿ 66ನೇ ಕಂಪನಿಯ ಇಬ್ಬರು ಸಾರ್ಜೆಂಟರು ಒಂದೇ ದಿನ ಮೆಡಲ್ ಆಫ್ ಆನರ್‌ಗೆ ಪಾತ್ರರಾದರು. ಲೂಯಿಸ್ ಚುಕೆಲಾ ಇಂದಿನ ಕ್ರೊಯೇಷಿಯಾದಲ್ಲಿ, ಮಾತೇಯ್ ಕೊಚಾಕ್ ಇಂದಿನ ಸ್ಲೊವಾಕಿಯಾದಲ್ಲಿ ಹುಟ್ಟಿದವರು. ಅವರು ಹುಟ್ಟಿದ ನಾಡು ಆಗ ಶತ್ರುಪಾಳಯದ ಆಸ್ಟ್ರಿಯಾ-ಹಂಗೇರಿಗೆ ಸೇರಿತ್ತು. ಕೊಚಾಕ್ ಅಕ್ಟೋಬರಿನಲ್ಲಿ ಬ್ಲಾಂ ಮೋಂ ಕದನದಲ್ಲಿ ಮಡಿದರು. ಹೆಸರುಪಟ್ಟಿಯಲ್ಲಿ ಜನ್ಮಸ್ಥಳದ ಕಾಲಂ ಇದ್ದರೆ ಅದನ್ನು ತಪ್ಪದೆ ನಕಲು ಮಾಡಿಕೊಳ್ಳಬೇಕೆನ್ನುವುದು ಇಂಥ ಸಂಗತಿಗಳಿಗಾಗಿಯೇ.

ಪಕ್ಕದವರು ಮತ್ತು ಎದುರಿನವರು

ಶಾಂತಸಾಗರದ ಯುದ್ಧದಲ್ಲಿ 1/5ರ ಹೆಸರು ಗ್ವಾಡಲ್‌ಕನಾಲ್, ನ್ಯೂ ಬ್ರಿಟನ್, ಪೆಲೆಲಿಯು ಮತ್ತು ಒಕಿನಾವಾಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇವುಗಳಲ್ಲಿ 1942ರ ಆಗಸ್ಟ್ 7ರ ಗ್ವಾಡಲ್‌ಕನಾಲ್ ಇಳಿಯುವಿಕೆಗೂ 1944ರ ಸೆಪ್ಟೆಂಬರ್ 15ರ ಪೆಲೆಲಿಯು ಇಳಿಯುವಿಕೆಗೂ ಸಾಕಷ್ಟು ಒಳ್ಳೆಯ ಬರವಣಿಗೆ ಲಭ್ಯವಿದೆ; ಓದುಗರು ಅವುಗಳನ್ನು ಸುಲಭವಾಗಿ ಹುಡುಕಿಕೊಳ್ಳಬಹುದು. ಅಧ್ಯಯನದ ವಿಧಾನವನ್ನು ಕಲಿಯಲು ನಾನು ಶಿಫಾರಸು ಮಾಡುವುದು ಒಕಿನಾವಾದ ಶೂರಿ ಕೋಟೆಯ ಪ್ರಸಂಗವನ್ನು.

ಶೂರಿ, ರ್‍ಯೂಕ್ಯೂ ರಾಜರ ಪ್ರಾಚೀನ ರಾಜಧಾನಿ. ಜಪಾನಿನ 32ನೇ ಸೇನೆಯ ಮುಖ್ಯಕಚೇರಿ ಆ ಕೋಟೆಯ ಕೆಳಗಿನ ಸುರಂಗಗಳಲ್ಲಿತ್ತು. 1945ರ ಮೇ 29ರಂದು ಕ್ಯಾಪ್ಟನ್ ಜೂಲಿಯನ್ ಡ್ಯೂಸೆನ್‌ಬರಿ ನೇತೃತ್ವದ 1/5ರ ಎ ಕಂಪನಿ ಕೋಟೆಯ ಅವಶೇಷಗಳನ್ನು ಹೊಕ್ಕು ವಶಪಡಿಸಿಕೊಂಡಿತು. ಬೆಟಾಲಿಯನ್ನಿನ ಕಡೆಯಿಂದ ನೋಡಿದರೆ ಇದು ದೊಡ್ಡ ಸಾಧನೆ. ಈಗ ಪಕ್ಕದ ಘಟಕದ ಕಾಗದಗಳನ್ನು ತೆರೆಯಬೇಕು. ಕೋಟೆಯಿದ್ದದ್ದು ಭೂಸೇನೆಯ 77ನೇ ಡಿವಿಷನ್ನಿಗೆ ವಹಿಸಿದ್ದ ವಲಯದಲ್ಲಿ. ಆ ಡಿವಿಷನ್ ಅದೇ ಕೋಟೆಯ ಮೇಲೆ ಭಾರೀ ಬಾಂಬು ದಾಳಿಗೆ ಸಿದ್ಧತೆ ನಡೆಸಿತ್ತು, ಮತ್ತು ಮರೀನರು ಒಳಗಿದ್ದಾರೆಂಬ ಸುದ್ದಿ ತಲುಪಿ ಅದು ರದ್ದಾದದ್ದು ಕೊನೆಯ ಗಳಿಗೆಯಲ್ಲಿ. ಇನ್ನು ಎದುರಿನವರ ದಾಖಲೆ: 32ನೇ ಸೇನೆಯ ದಂಡನಾಯಕ ಜನರಲ್ ಉಷಿಜಿಮಾ ತಮ್ಮ ಮುಖ್ಯಪಡೆಯನ್ನು ಆ ಹೊತ್ತಿಗಾಗಲೇ ಮಳೆ ಮತ್ತು ಮೋಡದ ಮರೆಯಲ್ಲಿ ದಕ್ಷಿಣಕ್ಕೆ ಸಾಗಿಸಿದ್ದರು, ಅಲ್ಲಿ ಉಳಿದಿದ್ದದ್ದು ಹಿಂಗಾವಲು ಪಡೆ. ಈ ಮೂರನ್ನೂ ಜೊತೆಗಿಟ್ಟು ಓದಿದಾಗ ಎ ಕಂಪನಿಯ ಧೈರ್ಯ ಕುಗ್ಗುವುದಿಲ್ಲ, ಆದರೆ ಆ ದಿನದ ಅರ್ಥ ಬದಲಾಗುತ್ತದೆ. ಆ ಕ್ಯಾಪ್ಟನ್ ಕೋಟೆಯ ಮೇಲೆ ಮೊದಲು ಏರಿಸಿದ್ದು ಅಮೆರಿಕದ ಅಂತರ್ಯುದ್ಧ ಕಾಲದ ದಕ್ಷಿಣ ರಾಜ್ಯಗಳ ಧ್ವಜವನ್ನು ಎಂಬ ಸಂಗತಿಯನ್ನೂ ಬಿಡದೆ ಬರೆಯಬೇಕು. ಗುಲಾಮಗಿರಿಯ ಪರವಾಗಿ ನಿಂತ ಪಕ್ಷದ ಧ್ವಜ ಅದು. ಮುಜುಗರ ತರುತ್ತದೆಂದು ಇಂಥದ್ದನ್ನು ಅಳಿಸಿಬಿಟ್ಟರೆ ಉಳಿಯುವುದು ಪ್ರಚಾರಪತ್ರ.

ಛಾಯಾಚಿತ್ರವನ್ನು ದಾಖಲೆಯಾಗಿ ಓದುವುದು

1950ರ ಆಗಸ್ಟ್ ಆರಂಭದಲ್ಲಿ 5ನೇ ಮರೀನ್ಸ್ ಕೊರಿಯಾದ ಪುಸಾನ್ ಬಂದರಿಗೆ ಬಂದಿಳಿದು ನಾಕ್ಟಾಂಗ್ ನದಿಯ ತಿರುವಿನಲ್ಲಿ ಹೋರಾಡಿತು. ಸೆಪ್ಟೆಂಬರ್ 15ರ ಸಂಜೆ ಇಂಚಾನ್ ಬಂದರಿನ ರೆಡ್ ಬೀಚ್ ಎಂದು ಹೆಸರಿಸಿದ ಜಾಗದಲ್ಲಿ 1/5 ದಡ ಹತ್ತಿತು. ಇಲ್ಲಿ ಭೂಗೋಳವೇ ಮುಖ್ಯ ದಾಖಲೆ. ಇಂಚಾನ್‌ನಲ್ಲಿ ಉಬ್ಬರ ಮತ್ತು ಇಳಿತಗಳ ನಡುವಿನ ವ್ಯತ್ಯಾಸ ಒಂಬತ್ತು ಮೀಟರಿನಷ್ಟಿರುತ್ತದೆ. ಇಳಿತದಲ್ಲಿ ದೋಣಿಗಳು ಕೆಸರಿನಲ್ಲಿ ಸಿಕ್ಕಿಬೀಳುತ್ತವೆ. ಹೀಗಾಗಿ ಸಂಜೆಯ ಉಬ್ಬರಕ್ಕೆ ಕಾದು, ಕತ್ತಲಾಗುವ ಮುನ್ನ ಸಿಗುವ ಸ್ವಲ್ಪ ಹೊತ್ತಿನಲ್ಲಿ, ಮರಳ ದಂಡೆಯ ಬದಲು ಕಲ್ಲಿನ ತಡೆಗೋಡೆಯನ್ನು ಏಣಿಯಿಟ್ಟು ಹತ್ತಬೇಕಾಯಿತು.

ಆ ಏಣಿಯ ಮೇಲೆ ಕಾಲಿಟ್ಟು ಗೋಡೆಯನ್ನೇರುತ್ತಿರುವ ಅಧಿಕಾರಿಯ ಚಿತ್ರ ಕೊರಿಯಾ ಯುದ್ಧದ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದು. ಅವರು ಎ ಕಂಪನಿಯ ಫಸ್ಟ್ ಲೆಫ್ಟಿನೆಂಟ್ ಬಾಲ್ಡೊಮೆರೊ ಲೋಪೆಜ್. ಚಿತ್ರ ತೆಗೆದ ಕೆಲವೇ ನಿಮಿಷಗಳಲ್ಲಿ ಅವರು ಬಂಕರೊಂದಕ್ಕೆ ಗ್ರೆನೇಡ್ ಎಸೆಯಲು ಕೈಯೆತ್ತಿದಾಗ ಬಲಭುಜಕ್ಕೂ ಎದೆಗೂ ಗುಂಡು ತಗುಲಿತು. ಕೈಜಾರಿದ ಗ್ರೆನೇಡನ್ನು ಮತ್ತೆ ಎಸೆಯಲಾಗದೆ, ತಮ್ಮವರನ್ನು ಉಳಿಸಲು ಅದನ್ನು ತೋಳಿನಿಂದ ತಮ್ಮ ಮೈಯಡಿಗೆ ಎಳೆದುಕೊಂಡು ಮಡಿದರು. ಚಿತ್ರವನ್ನು ನೋಡುವವರು ಗೋಡೆಯ ಎತ್ತರ, ಏಣಿಯ ರಚನೆ, ಬೆಳಕಿನ ದಿಕ್ಕು, ಹಿಂದೆ ಬರುತ್ತಿರುವವರ ಸಂಖ್ಯೆ ಇವನ್ನೆಲ್ಲ ವರದಿಯ ಸಮಯದೊಂದಿಗೆ ಹೋಲಿಸಬೇಕು. ಆಗ ಚಿತ್ರ ಮತ್ತು ಕಾಗದ ಒಂದನ್ನೊಂದು ಪರೀಕ್ಷಿಸುತ್ತವೆ.

ಆ ವರ್ಷದ ನವೆಂಬರ್ 27ರ ರಾತ್ರಿ ಚೋಸಿನ್ ಜಲಾಶಯದ ಪಶ್ಚಿಮಕ್ಕಿರುವ ಯುದಾಮ್‌ನಿಯಲ್ಲಿ ಚೀನೀ ಪಡೆಗಳು 5 ಮತ್ತು 7ನೇ ಮರೀನ್ಸ್ ಮೇಲೆ ಮುಗಿಬಿದ್ದಾಗ ಈ ಬೆಟಾಲಿಯನ್ ಅಲ್ಲಿತ್ತು. ಅಲ್ಲಿಂದ ಸಮುದ್ರದವರೆಗಿನ ಹಿಮದ ಹಾದಿಯ ಕಥೆ ಡಿವಿಷನ್ನಿನ ಮಟ್ಟದಲ್ಲಿ ಓದಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಯುದ್ಧದ ಅಂತ್ಯವನ್ನು ಓದುವ ಕನ್ನಡಿಗರಿಗೆ ಪರಿಚಿತ ಹೆಸರೊಂದು ಎದುರಾಗುತ್ತದೆ. 1953ರ ಕದನವಿರಾಮದ ನಂತರ, ತವರಿಗೆ ಮರಳಲು ಒಪ್ಪದ ಎರಡೂ ಕಡೆಯ ಯುದ್ಧಕೈದಿಗಳ ವಿಚಾರವನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಕೆ. ಎಸ್. ತಿಮ್ಮಯ್ಯ ಅಧ್ಯಕ್ಷರಾಗಿದ್ದರು. ಯುದ್ಧದ ಚರಿತ್ರೆ ಕೊನೆಯ ಗುಂಡಿನೊಂದಿಗೆ ಮುಗಿಯುವುದಿಲ್ಲವೆಂಬುದಕ್ಕೆ ಆ ಆಯೋಗದ ಕಡತಗಳು ಒಳ್ಳೆಯ ಸಾಕ್ಷಿ.

ಎರವಲು ಕಂಪನಿಗಳ ಸಮಸ್ಯೆ

ವಿಯೆಟ್ನಾಮಿಗೆ ಬಂದಾಗ ದಾಖಲೆಗಳು ಹೇರಳ, ಗೊಂದಲವೂ ಹೇರಳ. ಕಾರ್ಯಾಚರಣೆಯ ಅಗತ್ಯಕ್ಕೆ ತಕ್ಕಂತೆ ಒಂದು ಬೆಟಾಲಿಯನ್ನಿನ ಕಂಪನಿಯನ್ನು ಇನ್ನೊಂದರ ಅಧೀನಕ್ಕೆ ಕೊಡುವುದು ಅಲ್ಲಿ ದಿನನಿತ್ಯದ ಸಂಗತಿಯಾಗಿತ್ತು. 1967ರ ಜೂನ್ 2ರಂದು, ಯೂನಿಯನ್ 2 ಕಾರ್ಯಾಚರಣೆಯಲ್ಲಿ, ಕ್ಯಾಪ್ಟನ್ ಜೇಮ್ಸ್ ಗ್ರಹಾಂ ತೀವ್ರ ಗಾಯಗೊಂಡ ಸೈನಿಕನೊಬ್ಬನನ್ನು ಬಿಟ್ಟು ಹೋಗಲೊಪ್ಪದೆ ಅವನ ಜೊತೆಯಲ್ಲೇ ಉಳಿದು ಪ್ರಾಣ ಬಿಟ್ಟರು. ಅವರ ಎಫ್ ಕಂಪನಿ 2/5ರದ್ದು. ಆ ದಿನ ಅದು ಹೋರಾಡಿದ್ದು 1/5ರ ಅಧೀನದಲ್ಲಿ. ಇಂಥ ಪ್ರಸಂಗದಲ್ಲಿ "ಮೂಲ ಘಟಕ", "ಆ ದಿನದ ಅಧೀನ" ಎಂದು ಎರಡು ಕಾಲಂ ಮಾಡಿ ಬರೆದುಕೊಂಡರೆ ಯಾರ ಗೌರವವೂ ಇನ್ನೊಬ್ಬರ ಪಾಲಾಗುವುದಿಲ್ಲ.

ಯೂನಿಯನ್ 2 ನಡೆದ ಕ್ವೇ ಸೋನ್ ಕಣಿವೆಯ ಸೀಮೆಯಲ್ಲೇ ಆ ವರ್ಷದ ಸೆಪ್ಟೆಂಬರ್ 4ರಂದು ಡಿ ಕಂಪನಿಯ ಮೇಲೆ ನಡೆದ ದಾಳಿಯಿಂದ ಸ್ವಿಫ್ಟ್ ಕಾರ್ಯಾಚರಣೆ ಆರಂಭವಾಯಿತು. 6ನೇ ತಾರೀಖು ಬಿ ಕಂಪನಿಯ ಸಾರ್ಜೆಂಟ್ ರಾಡ್ನಿ ಡೇವಿಸ್ ಕಂದಕದಲ್ಲಿ ಬಿದ್ದ ಗ್ರೆನೇಡಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಜಾರ್ಜಿಯಾ ರಾಜ್ಯದ ಮೇಕನ್ ಊರಿನ ಈ ಕಪ್ಪು ಯೋಧನನ್ನು ಅವರ ಊರಿನ ಕಪ್ಪು ಜನರ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ನೌಕಾಪಡೆಯ ಯುದ್ಧನೌಕೆಯೊಂದು ಅವರ ಹೆಸರನ್ನು ಹೊತ್ತಿತು. ಸಮಾಧಿಯ ಬಳಿ ಯೋಗ್ಯವಾದ ಸ್ಮಾರಕ ಎದ್ದದ್ದು ಮಾತ್ರ ದಶಕಗಳ ನಂತರ, ಜೊತೆಗೆ ಹೋರಾಡಿದವರ ಪ್ರಯತ್ನದಿಂದ.

ಹ್ವೇ: ನಾಲ್ಕು ಕಡೆಯಿಂದ ಓದಬೇಕಾದ ಕದನ

ಈ ಬೆಟಾಲಿಯನ್ನಿನ ಚರಿತ್ರೆಯಲ್ಲಿ ಒಂದೇ ಕದನವನ್ನು ಅಧ್ಯಯನ ಮಾಡಲು ಸಮಯವಿದ್ದರೆ ಅದು 1968ರ ಫೆಬ್ರವರಿಯ ಹ್ವೇ ನಗರದ ಕದನವಾಗಿರಲಿ. ವಿಯೆಟ್ನಾಮೀ ಹೊಸವರ್ಷದ ಟೆಟ್ ಹಬ್ಬದ ವೇಳೆಯ ದಾಳಿಯಲ್ಲಿ ಉತ್ತರ ವಿಯೆಟ್ನಾಂ ಪಡೆಗಳೂ ದಕ್ಷಿಣದ ಕಮ್ಯುನಿಸ್ಟ್ ಗೆರಿಲ್ಲಾಗಳಾದ ವಿಯೆಟ್ ಕಾಂಗ್ ಪಡೆಗಳೂ ಹಳೆಯ ರಾಜಧಾನಿಯನ್ನು ಹಿಡಿದಿದ್ದವು. ಪರ್ಫ್ಯೂಮ್ ನದಿಯ ದಕ್ಷಿಣ ದಂಡೆಯ ಹೊಸ ನಗರದಲ್ಲಿ 1/1 ಮತ್ತು 2/5 ಹೋರಾಡಿದವು. ಉತ್ತರ ದಂಡೆಯಲ್ಲಿ ಗೋಡೆಗಳಿಂದ ಸುತ್ತುವರಿದ ಕೋಟೆನಗರಕ್ಕೆ ಮೇಜರ್ ರಾಬರ್ಟ್ ಥಾಂಪ್ಸನ್ ನೇತೃತ್ವದ 1/5ನ್ನು ಕಳುಹಿಸಲಾಯಿತು. ಹಳ್ಳಿ, ಗದ್ದೆ, ಬೆಟ್ಟಗಳಲ್ಲಿ ಹೋರಾಡಿ ಅಭ್ಯಾಸವಿದ್ದ ಈ ಪಡೆಗೆ ಮನೆಯಿಂದ ಮನೆಗೆ ನಡೆಯುವ ಯುದ್ಧ ಹೊಸದು.

ಫೆಬ್ರವರಿ 13ರ ಬೆಳಗ್ಗೆ ದಾಳಿ ಆರಂಭವಾಯಿತು. ತಾವು ಮುಂದೆ ಸಾಗಬೇಕಾದ ರೇಖೆಯಲ್ಲಿ ದಕ್ಷಿಣ ವಿಯೆಟ್ನಾಮಿನ ಪ್ಯಾರಾಟ್ರೂಪರ್ ಪಡೆ ಇದೆಯೆಂದು ಮರೀನರು ನಂಬಿದ್ದರು. ಆ ಪಡೆ ಆಗಲೇ ಅಲ್ಲಿಂದ ತೆರಳಿತ್ತು, ಮತ್ತು ಆ ಜಾಗವನ್ನು ಶತ್ರು ಹಿಡಿದಿದ್ದ. ಎ ಕಂಪನಿ ಕೆಲವೇ ನಿಮಿಷಗಳಲ್ಲಿ ತೀವ್ರ ನಷ್ಟ ಅನುಭವಿಸಿತು. ಬೆಟಾಲಿಯನ್ನಿನ ವರದಿಯನ್ನು ಮಾತ್ರ ಓದುವವರಿಗೆ ಇದು ಹಠಾತ್ ಆಘಾತದಂತೆ ತೋರುತ್ತದೆ. ಎರಡು ಸೇನೆಗಳ ನಡುವಿನ ಸಂಪರ್ಕ ಎಲ್ಲಿ ಕಡಿಯಿತೆಂಬುದು ದಕ್ಷಿಣ ವಿಯೆಟ್ನಾಮಿನ ಘಟಕಗಳ ಚಲನೆಯನ್ನೂ ಪಕ್ಕದಲ್ಲಿಟ್ಟಾಗ ಗೊತ್ತಾಗುತ್ತದೆ.

ಪೂರ್ವದ ಗೋಡೆಯ ಮೇಲಿನ ಡಾಂಗ್ ಬಾ ಬುರುಜು ಇಡೀ ಕದನದ ಕೀಲಿಯಾಗಿತ್ತು, ಏಕೆಂದರೆ ಅಲ್ಲಿಂದ ಕೆಳಗಿನ ಬೀದಿಗಳೆಲ್ಲ ಗುಂಡಿನ ಅಳವಿಗೆ ಸಿಗುತ್ತಿದ್ದವು. ಪಾರಂಪರಿಕ ನಗರವೆಂಬ ಕಾರಣಕ್ಕೆ ಭಾರೀ ಶಸ್ತ್ರಗಳ ಬಳಕೆಗೆ ಆರಂಭದಲ್ಲಿ ನಿರ್ಬಂಧವಿತ್ತು. ದಿನಗಳು ಕಳೆದಂತೆ ಅದು ಸಡಿಲವಾಯಿತು. ಕವಿದ ಮೋಡದಿಂದಾಗಿ ವಿಮಾನಗಳ ನೆರವು ವಿರಳವಾಗಿತ್ತು. 15ನೇ ತಾರೀಖು ಕ್ಯಾಪ್ಟನ್ ಮೈರನ್ ಹ್ಯಾರಿಂಗ್ಟನ್ ಅವರ ಡಿ ಕಂಪನಿ ಬುರುಜನ್ನು ಹಿಡಿಯಿತು. ದಾಳಿ ಆರಂಭವಾದ 13ರಿಂದ 17ರವರೆಗಿನ ಐದು ದಿನಗಳಲ್ಲಿ ಬೆಟಾಲಿಯನ್ 47 ಮಂದಿಯನ್ನು ಕಳೆದುಕೊಂಡಿತು, 240 ಮಂದಿ ಗಾಯಗೊಂಡರು. ರೈಫಲ್ ಕಂಪನಿಗಳ ಗಾತ್ರವನ್ನು ನೆನೆದರೆ ಈ ಅಂಕಿಯ ಭಾರ ತಿಳಿಯುತ್ತದೆ. 24ರಂದು ಕೋಟೆನಗರದ ಧ್ವಜಸ್ತಂಭದ ಮೇಲೆ ಏರಿದ್ದು ದಕ್ಷಿಣ ವಿಯೆಟ್ನಾಮಿನ ಧ್ವಜ, ಮತ್ತು ಅರಮನೆಯನ್ನು ಮರಳಿ ಪಡೆದದ್ದು ಅದೇ ಸೇನೆಯ ಹಾಕ್ ಬಾವೊ ಕಂಪನಿ. ಅಮೆರಿಕನ್ ನಿರೂಪಣೆಗಳಲ್ಲಿ ಈ ಸೈನಿಕರಿಗೆ ಸಲ್ಲಬೇಕಾದಷ್ಟು ಜಾಗ ಸಂದಿಲ್ಲವೆಂದು ನನಗೆ ಅನ್ನಿಸುತ್ತದೆ.

ನಾಲ್ಕನೆಯ ಕಡೆ ನಗರವಾಸಿಗಳದು. ನಗರದ ಬಹುಪಾಲು ಜನ ಮನೆ ಕಳೆದುಕೊಂಡರು. ಶೆಲ್ ದಾಳಿಯಲ್ಲಿ ಸತ್ತವರೂ ಇದ್ದರು, ನಗರವನ್ನು ಹಿಡಿದಿದ್ದವರು ಕೊಂದು ಸಾಮೂಹಿಕ ಗುಂಡಿಗಳಲ್ಲಿ ಹೂತವರೂ ಇದ್ದರು; ಇವೆರಡರ ಪ್ರಮಾಣದ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಬೆಟಾಲಿಯನ್ನಿನ ಕಾಗದಗಳಲ್ಲಿ ನಾಗರಿಕರು ಬಹುತೇಕ ಕಾಣಿಸುವುದಿಲ್ಲ. ಅಧ್ಯಯನ ಮಾಡುವವರೇ ಅವರಿಗಾಗಿ ಬೇರೆ ಹಾಳೆ ತೆರೆಯಬೇಕು.

ಹ್ವೇ ಕದನದಲ್ಲಿ ಜಾನ್ ಓಲ್ಸನ್ ತೆಗೆದ, ಗಾಯಾಳು ಮರೀನರನ್ನು ಟ್ಯಾಂಕಿನ ಮೇಲೆ ಸಾಗಿಸುತ್ತಿರುವ ಚಿತ್ರ ಲೋಕಪ್ರಸಿದ್ಧವಾಯಿತು. ಅದರಲ್ಲಿ ಎದೆಗೆ ಗುಂಡು ತಗುಲಿ ಅರೆಪ್ರಜ್ಞೆಯಲ್ಲಿ ಮಲಗಿರುವವರು ಯಾರು ಎಂಬುದರ ಬಗ್ಗೆ ಐವತ್ತು ವರ್ಷಗಳ ನಂತರವೂ ವಾದ ನಡೆದಿದೆ. ಜಗತ್ತು ನೋಡಿದ ಚಿತ್ರದ ವಿಷಯದಲ್ಲೇ ಹೀಗಿರುವಾಗ, ಹೆಸರು ಹಚ್ಚಿದ ಹಳೆಯ ಚಿತ್ರಗಳನ್ನು ಪರಿಶೀಲಿಸದೆ ಬಳಸುವುದು ಆ ಕುಟುಂಬಗಳಿಗೆ ಮಾಡುವ ಅನ್ಯಾಯ.

ಇನ್ನೂ ತೆರೆದಿರುವ ಅಧ್ಯಾಯಗಳು

1991ರ ಕುವೈತ್ ಯುದ್ಧದ ನಂತರದ ಕಾಲವನ್ನು ಬೇರೆಯೇ ಎಚ್ಚರದಿಂದ ಓದಬೇಕು. ಭಾಗವಹಿಸಿದವರು ನಮ್ಮ ನಡುವೆ ಬದುಕಿದ್ದಾರೆ, ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ದಾಖಲೆಗಳಲ್ಲಿ ಒಂದು ಭಾಗ ಇನ್ನೂ ಗೋಪ್ಯವಾಗಿದೆ. 2003ರ ಮಾರ್ಚಿನಲ್ಲಿ ಇರಾಕಿನ ರುಮೈಲಾ ತೈಲಕ್ಷೇತ್ರವನ್ನು ಹಿಡಿಯಲು ಗಡಿ ದಾಟಿದ ಮೊದಲ ಪಡೆಗಳಲ್ಲಿ 1/5 ಇತ್ತು. ಏಪ್ರಿಲ್ 10ರಂದು ಬಾಗ್ದಾದಿನ ಅರಮನೆ ಮತ್ತು ಅಬು ಹನೀಫಾ ಮಸೀದಿಯ ಬಳಿ ಕಠಿಣ ಹೋರಾಟ ನಡೆಸಿತು.

2004ರ ಏಪ್ರಿಲಿನಲ್ಲಿ ಫಲೂಜಾದ ಮೇಲೆ ದಾಳಿ ಆರಂಭಿಸಿದ ಎರಡು ಬೆಟಾಲಿಯನ್ನುಗಳು 1/5 ಮತ್ತು 2/1. ನಾಲ್ವರು ಅಮೆರಿಕನ್ ಗುತ್ತಿಗೆದಾರರ ಹತ್ಯೆಯ ನಂತರ, ನಿಧಾನವಾಗಿ ಮುಂದುವರಿಯಬೇಕೆಂದಿದ್ದ ಮರೀನ್ ಸೇನಾಧಿಕಾರಿಗಳ ಅಭಿಪ್ರಾಯವನ್ನು ಮೀರಿ ದಾಳಿಯ ಆದೇಶ ಬಂತು. ಕೆಲವೇ ದಿನಗಳಲ್ಲಿ ರಾಜಕೀಯ ಒತ್ತಡದಿಂದ ಅದೇ ದಾಳಿಯನ್ನು ನಿಲ್ಲಿಸಲಾಯಿತು. ತಿಂಗಳ ಕೊನೆಗೆ ನಗರವನ್ನು ಸ್ಥಳೀಯ ಪಡೆಯೊಂದಕ್ಕೆ ಒಪ್ಪಿಸಿ ಹಿಂದೆ ಸರಿಯಬೇಕಾಯಿತು. ನವೆಂಬರಿನಲ್ಲಿ ಅದೇ ನಗರಕ್ಕಾಗಿ ಬೇರೆ ಬೆಟಾಲಿಯನ್ನುಗಳು ಮತ್ತೆ ಹೋರಾಡಿದವು. ಗೆಲುವು ಸೋಲುಗಳ ಕಾಲಂನಲ್ಲಿ ಇಂಥ ಕದನವನ್ನು ಎಲ್ಲಿ ಇಡಬೇಕೆಂಬ ತುರ್ತು ಬೇಡ. ಆದೇಶ ಯಾವ ದಿನ ಬಂತು, ಪಡೆ ಯಾವ ಬೀದಿಯವರೆಗೆ ತಲುಪಿತ್ತು, ಯಾವ ದಿನ ನಿಂತಿತು ಎಂಬುದನ್ನು ಸರಿಯಾಗಿ ಬರೆದರೆ ಸಾಕು.

ಅಫ್ಘಾನಿಸ್ತಾನದಲ್ಲಿ ಎರಡು ನಿಯೋಜನೆಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಉಪಯುಕ್ತ. 2009ರ ಜುಲೈನಲ್ಲಿ ಹೆಲ್ಮಂದ್ ಪ್ರಾಂತ್ಯದ ನಾವಾ ಜಿಲ್ಲೆಗೆ ಹೋದ 1/5, ಹಳ್ಳಿಗಳ ನಡುವೆ ಸಣ್ಣ ನೆಲೆಗಳನ್ನು ಮಾಡಿಕೊಂಡು ಜನರೊಡನೆ ಒಡನಾಡುವ ವಿಧಾನದಿಂದ ಹೆಸರು ಪಡೆಯಿತು. 2011ರಲ್ಲಿ ಅದೇ ಪ್ರಾಂತ್ಯದ ಸಂಗೀನ್‌ನಲ್ಲಿ, 3/5 ತನ್ನ 25 ಮಂದಿಯನ್ನು ಕಳೆದುಕೊಂಡು ಹಿಂದಿರುಗಿದ ನೆಲೆಯನ್ನು ಅದು ವಹಿಸಿಕೊಂಡಿತು. ಅಲ್ಲಿ ನೆಲದಲ್ಲಿ ಹುಗಿದ ಸ್ಫೋಟಕಗಳು ಪ್ರತಿ ಹೆಜ್ಜೆಯನ್ನೂ ನಿರ್ಧರಿಸುತ್ತಿದ್ದವು. ಘಟಕ ಅದೇ, ಪ್ರಾಂತ್ಯ ಅದೇ, ನಡುವಿನ ಅಂತರ ಎರಡೇ ವರ್ಷ; ಅನುಭವ ಮಾತ್ರ ಬೇರೆ.

ಪರಂಪರೆಯನ್ನು ಅಳೆಯುವುದು

1/5ರ ಲಾಂಛನವಾಕ್ಯ "ಶಾಂತಿ ಮಾಡಿಕೊಳ್ಳಿ, ಇಲ್ಲವೇ ಸಾಯಿರಿ" ಎಂಬ ಅರ್ಥದ್ದು. ಅದರ ನೆಲೆ ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್‌ಟನ್. ಪರಂಪರೆಯ ಅಧ್ಯಾಯವನ್ನು ಬರೆಯುವವರು ಇಂಥ ವಾಕ್ಯ, ಧ್ವಜಪಟ್ಟಿ, ಪದಕಗಳ ಎಣಿಕೆಯಲ್ಲಿ ನಿಂತುಬಿಡುವುದುಂಟು. ಅವು ಬೇಕು, ಹೊಸದಾಗಿ ಸೇರಿದ ಹದಿನೆಂಟು ವರ್ಷದ ಹುಡುಗನಿಗೆ ತಾನು ಯಾರ ಸಾಲಿನಲ್ಲಿ ನಿಂತಿದ್ದೇನೆಂದು ತಿಳಿಸುವುದು ಅವುಗಳೇ. ಆದರೆ ಪರಂಪರೆಯನ್ನು ಪರೀಕ್ಷಿಸಬೇಕಾದ ಜಾಗಗಳು ಬೇರೆಯೂ ಇವೆ. ಹ್ವೇಯಲ್ಲಿ ರಕ್ತ ತೆತ್ತು ಕಲಿತದ್ದು ನಗರಯುದ್ಧದ ತರಬೇತಿಯೊಳಗೆ ಹೇಗೆ ಸೇರಿತು ಎಂಬುದನ್ನು ತರಬೇತಿ ಕೈಪಿಡಿಗಳಲ್ಲಿ ಹುಡುಕಬೇಕು. ಅನುಭವಿಗಳ ಸಂಘಗಳು ಯಾರನ್ನು ನೆನೆಯುತ್ತವೆ, ಯಾವ ದಿನ ಸೇರುತ್ತವೆ ಎಂಬುದನ್ನು ನೋಡಬೇಕು. ಯುದ್ಧ ನಡೆದ ಊರುಗಳು ಅದೇ ದಿನಗಳನ್ನು ಹೇಗೆ ನೆನಪಿಟ್ಟುಕೊಂಡಿವೆ ಎಂಬುದನ್ನೂ ನೋಡಬೇಕು. ಹ್ವೇಯ ಸ್ಮಾರಕ ಸಮೂಹ 1993ರಿಂದ ಯುನೆಸ್ಕೊ ವಿಶ್ವಪರಂಪರೆಯ ತಾಣ. ಒಕಿನಾವಾದ ಜನ 1992ರಲ್ಲಿ ಮತ್ತೆ ಕಟ್ಟಿದ ಶೂರಿ ಕೋಟೆಯ ಮುಖ್ಯ ಸೌಧ 2019ರ ಅಕ್ಟೋಬರಿನಲ್ಲಿ ಬೆಂಕಿಗೆ ಆಹುತಿಯಾಯಿತು.

ಪ್ರಯಾಣ ಸಾಧ್ಯವಿರುವವರು, ಅದರಲ್ಲೂ ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರು, ಬೆಲೋ ಗ್ರಾಮದ ಬಳಿಯ ಏನ್-ಮಾರ್ನ್ ಅಮೆರಿಕನ್ ಸ್ಮಶಾನಕ್ಕೆ ಹೋಗಬಹುದು. ಅಲ್ಲಿ 2,289 ಸಮಾಧಿಗಳಿವೆ, ದೇಹ ಸಿಗದ 1,060 ಮಂದಿಯ ಹೆಸರುಗಳನ್ನು ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ಕೊರೆಯಲಾಗಿದೆ. ಹೋಗುವ ಮುನ್ನ 17, 49, 66 ಮತ್ತು 67ನೇ ಕಂಪನಿಗಳ ಮೃತರ ಪಟ್ಟಿಯನ್ನು ಹೆಸರುಪಟ್ಟಿಗಳಿಂದ ತಯಾರಿಸಿಕೊಂಡು, ಸಮಾಧಿಗಳ ಸ್ಥಾನವನ್ನು ಸ್ಮಶಾನದ ಕಚೇರಿಯಲ್ಲಿ ಕೇಳಿ ಗುರುತು ಹಾಕಿಕೊಳ್ಳಬೇಕು. ಇಲ್ಲವಾದರೆ ಸಾವಿರಾರು ಶಿಲುಬೆಗಳ ನಡುವೆ ಈ ಒಂದು ಬೆಟಾಲಿಯನ್ ಕಾಣುವುದಿಲ್ಲ. ಹತ್ತಿರದಲ್ಲೇ ಜರ್ಮನ್ ಸ್ಮಶಾನವಿದೆ, ಎಂಟು ಸಾವಿರಕ್ಕೂ ಹೆಚ್ಚು ಸೈನಿಕರು ಅಲ್ಲಿದ್ದಾರೆ. ಅದಕ್ಕೂ ಸಮಯವಿಟ್ಟುಕೊಂಡು, 1918ರ ಜೂನ್ ದಿನಾಂಕವಿರುವ ಸಮಾಧಿಗಳ ಹೆಸರುಗಳನ್ನು ಅದೇ ಪುಸ್ತಕದಲ್ಲಿ, ಅದೇ ದಿನದ ಹಾಳೆಯಲ್ಲಿ ಬರೆದುಕೊಳ್ಳಬೇಕು.